ಜಿತ್ತು ರೋಡ್

ಹೊಳೆಗೆ ಅಡ್ಡ ಹಾಕಿದ ಮಣ್ಣಿನ ಕಟ್ಟ ಒಡೆದು ಮನೆಗೆ ಬರುವಾಗ ಜಿತೇಂದ್ರನ ಪ್ಯಾಂಟು ಮೊಣಕಾಲಿನವರೆಗೆ ಕೆಸರು. ಕಾಲು ತೊಳೆಯುವ ಎಂದು ಅಂಗಳದ ನಳ್ಳಿಯ ಹತ್ತಿರ ಹೋದರೆ ನಳ್ಳಿಯೇ ಕಾಣುವುದಿಲ್ಲ! ಅದಕ್ಕೆ ಅಡ್ಡವಾಗಿ ಒಂದು ಮನೆ ನಿಂತಿತ್ತು. ಚಕ್ರ ಇರುವ ಮನೆ.

ಬಿಳಿ ಬಣ್ಣ, ಕಿಟಕಿಗಳಿಗೆ ಹೂವಿನ ಪರದೆ, ಮೇಲೆ ಸೋಲಾರ್, ಹಿಂಬದಿಗೆ ಒಂದು ಏಣಿ. ಬಾಗಿಲಲ್ಲಿ ಅವನ ಅಮ್ಮ ಜಲಜಾಕ್ಷಿ ನಿಂತು, ತನ್ನದೇ ಗೃಹಪ್ರವೇಶಕ್ಕೆ ನೆಂಟರನ್ನು ಒಳಗೆ ಕರೆಯುವವರ ಹಾಗೆ ಕೈ ಬೀಸುತ್ತಿದ್ದರು.

"ಜಿತ್ತೂ, ಚಪ್ಪಲಿ ಹೊರಗೆ ಬಿಟ್ಟು ಬಾ! ಒಳಗೆ ಮ್ಯಾಟ್ ಉಂಟು!"

ತಂಗಿ ಅಶ್ಮಿತಾಳ ಗಂಡ ವಿಖ್ಯಾತ್ ಶಾರ್ಜಾದಲ್ಲಿ ಗಾಡಿಗಳ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ. ಎರಡು ವರ್ಷ ರಜೆಯಲ್ಲಿ ಬಂದಾಗಲೆಲ್ಲ ಉಪ್ಪಳದ ಒಂದು ಶೆಡ್ಡಿನಲ್ಲಿ ಹಳೆಯ ಮಿನಿಬಸ್ಸನ್ನು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು ಮಾಡುತ್ತಿದ್ದಾನೆಂದು ಜಿತೇಂದ್ರನಿಗೆ ಗೊತ್ತಿತ್ತು. ಗುಜರಿ ಸಾಮಾನಿನ ಮೇಲೆ ಪ್ರಾಣ ಬಿಡುವ ಜನ ಎಂದು ಒಳಗೊಳಗೇ ನಗುತ್ತಲೂ ಇದ್ದ. ಆ ಗುಜರಿ ಈಗ ವರ್ಕಾಡಿಯ ಅವರ ಮನೆಯಿಂದ ಹೊರಟು, ಇಲ್ಲಿ ಬಾಯಾರಿನ ಅಂಗಳದಲ್ಲಿ ಮದುವಣಗಿತ್ತಿಯ ಹಾಗೆ ನಿಂತಿತ್ತು. ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಬನ್ನಿ ಭಾವ, ಬನ್ನಿ," ಎಂದು ವಿಖ್ಯಾತ್ ಒಳಗಿನಿಂದಲೇ ಕರೆದ. "ತಲೆ ಜಾಗ್ರತೆ."

ಒಳಗೆ ಎಂತ ಉಂಟು, ಎಂತ ಇಲ್ಲ! ಎರಡು ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಚಿಕ್ಕ ಫ್ರಿಜ್ಜು, ಎರಡು ಫ್ಯಾನು, ಕೊನೆಯಲ್ಲಿ ಹಾಸಿಗೆ. ಅಮ್ಮ ಹಾಸಿಗೆಯ ಮೇಲೆ ಕೂತು ಎರಡು ಸಲ ಮೇಲೆ ಕೆಳಗೆ ಕುಪ್ಪಳಿಸಿ ನೋಡಿದರು. ಅರವತ್ತಾರು ವರ್ಷದ ಹೆಂಗಸು.

"ಕಕ್ಕಸು ಕೂಡ ಉಂಟು ಮಾರಾಯ! ಬಸ್ಸಿನೊಳಗೆ!" ಅಮ್ಮ ಆ ಪುಟ್ಟ ಬಾಗಿಲನ್ನು ತೆರೆದು ಮುಚ್ಚಿ ತೋರಿಸಿದರು. "ಮತ್ತೆ ಗೊತ್ತುಂಟಾ, ಅಶ್ಮಿ ದಾರಿಯಲ್ಲಿ ನಿಲ್ಲಿಸಿ ಚಾ ಮಾಡಿದ್ದಂತೆ. ಓಡುವ ಗಾಡಿಯಲ್ಲಿ ಕೂತು ಕುಡಿದದ್ದಂತೆ. ಲೋಟದಿಂದ ಒಂದು ತೊಟ್ಟು ಚೆಲ್ಲಲಿಲ್ಲವಂತೆ!"

ಜಿತೇಂದ್ರನ ಎದೆಯೊಳಗೆ ಏನೋ ಸಣ್ಣಗೆ ಹೊತ್ತಿಕೊಂಡದ್ದು ಆಗಲೇ. ಬಾಡಿಗೆಗೆ ಓಡಿಸುವ ಅವನ ಜೀಪಿನಲ್ಲಿ ಅಮ್ಮ ಯಾವಾಗಲೂ ಎದುರಿನ ಕಬ್ಬಿಣದ ಸರಳನ್ನು ಎರಡು ಕೈಯಲ್ಲಿ ಹಿಡಿದು, ಹೊರಟಲ್ಲಿಂದ ಇಳಿಯುವವರೆಗೆ ಗಣಪತಿಯ ಹೆಸರು ಹೇಳುತ್ತ ಕೂರುತ್ತಿದ್ದರು. ಅದು ಭಕ್ತಿ ಎಂದೇ ಅವನು ಇಷ್ಟು ವರ್ಷ ನಂಬಿದ್ದ. ಈಗ ಸಂಶಯ ಬಂತು.

ಆ ಗಣಪತಿ ಮಧೂರಿನವನು. ತಂದೆ ತೀರಿಕೊಂಡ ವರ್ಷದಿಂದ, ಹನ್ನೊಂದು ವರ್ಷ ತಪ್ಪದೆ ನಡೆದ ಕ್ರಮ ಒಂದಿತ್ತು. ಮಳೆಗಾಲಕ್ಕೆ ಮುಂಚೆ ಊರವರೆಲ್ಲ ಸೇರಿ ಹೊಳೆಯ ಕಟ್ಟ ಒಡೆಯುತ್ತಾರಲ್ಲ, ಅದರ ಮಾರನೇ ದಿನ ಬೆಳಗ್ಗೆ ಜಿತೇಂದ್ರ ಯಾವ ಬಾಡಿಗೆ ಬಂದರೂ ಬೇಡ ಎಂದು ಅಮ್ಮನನ್ನು ಜೀಪಿನಲ್ಲಿ ಕೂರಿಸಿಕೊಂಡು ಮಧೂರಿಗೆ ಹೋಗುವುದು. ಪೂಜೆ ಮುಗಿಸಿ ಬರುವಾಗ ಅಮ್ಮನ ಮಡಿಲಲ್ಲಿ ಬಿಸಿ ಅಪ್ಪದ ಪ್ರಸಾದ, ದಾರಿಯುದ್ದಕ್ಕೂ ತುಪ್ಪದ ಪರಿಮಳ. ಸ್ಟೇರಿಂಗ್ ಬಿಡದೆ ಬಾಯಿ ತೆರೆದರೆ ಅಮ್ಮ ಒಂದು ಚೂರು ಮುರಿದು ಹಾಕುತ್ತಿದ್ದರು. ಮದುವೆಯಾಗದ ಮೂವತ್ತಮೂರು ವರ್ಷದ ಗಂಡಸು ಇದನ್ನು ಯಾರ ಹತ್ತಿರವಾದರೂ ಹೇಳುತ್ತಾನಾ? ಆದರೆ ವರ್ಷದಲ್ಲಿ ಅವನದು ಎಂದು ಇದ್ದದ್ದು ಆ ಒಂದು ದಿನ.

ಊಟಕ್ಕೆ ಕೂತಾಗ ಆ ದಿನವೂ ಹೋಯಿತು.

"ನಾಳೆ ಅತ್ತೆಯನ್ನು ಮಧೂರಿಗೆ ನಾವೇ ಕರ್ಕೊಂಡು ಹೋಗುದು ಅಂತ," ವಿಖ್ಯಾತ್ ಮೀನುಸಾರು ಕಲಸುತ್ತ ಹೇಳಿದ. "ಗಾಡಿಗೆ ಪೂಜೆ ಕೂಡ ಆಗ್ಬೇಕಲ್ಲ. ನೀವೂ ಬನ್ನಿ ಭಾವ. ಹಿಂದೆ ಸೀಟ್ ಉಂಟು."

ಹಿಂದೆ ಸೀಟ್! ಬಂಗುಡೆಯ ಮುಳ್ಳು ಸಿಕ್ಕಿಕೊಂಡ ಹಾಗೆ ಆ ಮಾತು ಜಿತೇಂದ್ರನ ಗಂಟಲಲ್ಲಿ ನಿಂತಿತು. ಅವನು ಅಮ್ಮನ ಮುಖ ನೋಡಿದ. 'ಜಿತ್ತುವಿನ ಜೀಪಿನಲ್ಲಿ ಹೋಗುವ ಕ್ರಮ ಉಂಟಲ್ಲ' ಎಂದು ಒಂದು ಮಾತು ಹೇಳಿಯಾರು ಎಂದು ಕಾದ. ಅಮ್ಮ ಅಶ್ಮಿತಾಳ ಹತ್ತಿರ, ಬಸ್ಸಿನ ಫ್ರಿಜ್ಜಿನಲ್ಲಿ ಮೊಸರು ಹೆಪ್ಪಾಗುತ್ತದಾ ಎಂದು ವಿಚಾರಿಸುತ್ತಿದ್ದರು.

"ನನಗೆ ನಾಳೆ ಬಾಡಿಗೆ ಉಂಟು," ಎಂದ ಜಿತೇಂದ್ರ. ಇರಲಿಲ್ಲ.

"ಅಯ್ಯೋ ಅಣ್ಣ, ನಾಳೆ ನೀನು ಬಾಡಿಗೆ ತಗೊಳ್ಳುದೇ ಇಲ್ವಲ್ಲ!"

"ಈ ಸಲ ತಗೊಂಡೆ." ತಂಗಿಗೆ ಅಷ್ಟು ಹೇಳಿ ಅವನು ವಿಖ್ಯಾತನ ಕಡೆ ತಿರುಗಿದ. "ದಾರಿ ಗೊತ್ತುಂಟಾ ನಿಮಗೆ?"

"ಮೊಬೈಲ್ ಉಂಟಲ್ಲ ಭಾವ. ನಿಮಗ್ಯಾಕೆ ಸುಮ್ಮನೆ ತೊಂದರೆ?" ವಿಖ್ಯಾತ್ ಎಡಗೈಯಲ್ಲಿ ಫೋನು ತೆಗೆದು ಮ್ಯಾಪು ತೋರಿಸಿದ. ಬಾಯಾರಿನಿಂದ ಮಧೂರಿಗೆ ನೀಲಿ ಗೆರೆ. ಆ ಗೆರೆ ಹೊಳೆಯನ್ನು ಕಟ್ಟದ ಬುಡದಲ್ಲಿ ದಾಟಿ ಹೋಗುತ್ತಿತ್ತು. "ಒಳ್ಳೆ ಶಾರ್ಟ್ ಉಂಟು ನೋಡಿ. ಆರು ಕಿಲೋಮೀಟರ್ ಕಮ್ಮಿ." ಹೇಳಿ, ಜಿತೇಂದ್ರನ ಮುಖ ನೋಡಿ ಒಂದು ನಗೆ ನಕ್ಕ.

ಆ ನಗೆಯ ಅರ್ಥ ಜಿತೇಂದ್ರನಿಗೆ ಕೂಡಲೇ ಆಯಿತು, ಅಥವಾ ಆಯಿತೆಂದು ಅವನು ತಿಳಿದುಕೊಂಡ. ಏಕೆಂದರೆ ಆ ದಾರಿಯನ್ನು ಮ್ಯಾಪಿಗೆ ಸೇರಿಸಿದ್ದು ಅವನೇ.

ಡಿಸೆಂಬರಿನಲ್ಲಿ ಊರವರು ಹೊಳೆಗೆ ಕಲ್ಲು ಮಣ್ಣಿನ ಅಡ್ಡ ಕಟ್ಟಿ ತೋಟಗಳಿಗೆ ನೀರು ನಿಲ್ಲಿಸುತ್ತಾರೆ. ಆಮೇಲೆ ಕಟ್ಟದ ಕೆಳಗೆ ಹೊಳೆ ಒಣಗಿ ಬರೀ ಮರಳು, ಕಲ್ಲು. ಬೇಸಿಗೆಯಿಡೀ ಜೀಪುಗಳು ಅಲ್ಲಿ ಇಳಿದು ಆಚೆ ದಡ ಹತ್ತುತ್ತವೆ. ಎರಡು ವರ್ಷದ ಹಿಂದೆ ಬಾಡಿಗೆಯಿಲ್ಲದ ಒಂದು ಮಧ್ಯಾಹ್ನ ಸ್ಟ್ಯಾಂಡಿನಲ್ಲಿ ಕೂತು, ಅದನ್ನು ಫೋನಿನಲ್ಲಿ ಬೆರಳಿನಿಂದ ಗೀಚಿ, ತಮಾಷೆಗೆ 'ಜಿತ್ತು ರೋಡ್' ಎಂದು ಹೆಸರು ಕೊಟ್ಟು ಕಳಿಸಿದ್ದ. ಮ್ಯಾಪಿನವರು ಒಪ್ಪಿಕೊಂಡೇ ಬಿಟ್ಟರು! ಆವತ್ತು ಸ್ಟ್ಯಾಂಡಿನವರಿಗೆಲ್ಲ ಅವನದೇ ಖರ್ಚಿನಲ್ಲಿ ಸೋಡಾ. ಬೇಸಿಗೆಯಲ್ಲಿ ಮಾತ್ರ ಇರುವ ದಾರಿ ಎಂದು ಮ್ಯಾಪಿಗೆ ಹೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಊರಲ್ಲಿ ಯಾರಿಗೆ ಅದು ಗೊತ್ತಿಲ್ಲ?

ಈಗ ಈ ಮನುಷ್ಯ ಅದನ್ನು ನೋಡಿ ನಗುತ್ತಿದ್ದಾನೆ. ಜೀಪು ಡ್ರೈವರನ ಹೆಸರಲ್ಲಿ ರೋಡು ಬೇರೆ, ಅಂತ.

ನಿನ್ನೆ ಮೊನ್ನೆ ಎರಡು ದೊಡ್ಡ ಮಳೆ ಬಂದದ್ದಕ್ಕೆ ಕಟ್ಟ ಇವತ್ತೇ ಒಡೆದದ್ದು, ಆ ಜಾಗದಲ್ಲಿ ಈಗ ಸೊಂಟದೆತ್ತರ ನೀರು ಹರಿಯುತ್ತಿದೆ ಎಂಬ ಮಾತು ಜಿತೇಂದ್ರನ ನಾಲಿಗೆಯ ತುದಿಗೆ ಬಂತು. ಬಂದು, ಅಲ್ಲೇ ಸ್ವಲ್ಪ ಹೊತ್ತು ಕೂತು, ಅನ್ನದ ಜೊತೆ ಒಳಗೆ ಹೋಯಿತು.

'ಮೊಬೈಲ್ ಉಂಟಲ್ಲ,' ಎಂದುಕೊಂಡ. ಹೋಗಲಿ. ನೀರಿನ ಹತ್ತಿರ ಹೋಗಿ, ಬಾಯಿ ಬಿಟ್ಟು ನಿಂತು, ರಿವರ್ಸ್ ತೆಗೆಯಲಿಕ್ಕಾಗದೆ ನನಗೆ ಫೋನ್ ಮಾಡಲಿ. ಆಗ ಅಮ್ಮ ಆ ಹಾಸಿಗೆಯಿಂದ ಇಳಿದು ಬಂದು ಜೀಪಿನಲ್ಲಿ ಕೂರಲಿ.

ಬೆಳಗ್ಗೆ ಎಂಟಕ್ಕೆ ಮನೆಬಸ್ಸು ಹೊರಟಿತು. ಅಮ್ಮ ಕಾಸರಗೋಡಿನಿಂದ ತಂದ ಹೊಸ ಸೀರೆ ಉಟ್ಟಿದ್ದರು. ಜೀಪಿನ ಧೂಳಿಗೆ ಒಳ್ಳೆ ಸೀರೆ ಯಾಕೆ ಎಂದು ಹನ್ನೊಂದು ವರ್ಷ ಹಳೆಯದನ್ನೇ ಉಟ್ಟವರು! ಜಿತೇಂದ್ರ ಅದನ್ನೂ ಲೆಕ್ಕಕ್ಕೆ ಹಾಕಿಕೊಂಡು, ಜೀಪನ್ನು ಹಿಂದಿನಿಂದಲೇ ಸ್ಟ್ಯಾಂಡಿಗೆ ತಂದು ನಿಲ್ಲಿಸಿದ.

ಸ್ಟ್ಯಾಂಡಿನಲ್ಲಿ ಅಬ್ದುಲ್ ಲತೀಫ್ ತನ್ನ ಜೀಪಿನ ಬಾನೆಟ್ಟಿಗೆ ಒರಗಿ ನಿಂತಿದ್ದ. ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವನು, ಅದಕ್ಕೇ 'ಇಚ್ಚ', ಅಂದರೆ ಅಣ್ಣ; ಜಿತೇಂದ್ರನಿಗೆ ಕ್ಲಚ್ಚು ಬಿಡಲು ಕಲಿಸಿದವನು. ಬಸ್ಸನ್ನು ನೋಡಿ ಸೀಟಿ ಹಾಕಿದ.

"ಎಂತ ಗಾಡಿ ಮಾರಾಯ! ನಿನ್ನ ಭಾವನದ್ದಾ? ಇದರ ಎದುರು ನಮ್ಮ ಜೀಪು ಕೋಳಿಗೂಡು."

"ನಿಮ್ಮದು ಕೋಳಿಗೂಡು ಲತೀಫಿಚ್ಚ. ನನ್ನದಲ್ಲ."

"ಓ, ಹೊಟ್ಟೆಕಿಚ್ಚಾ!" ಲತೀಫ್ ನಕ್ಕ. "ಹೊಗೆ ಇಲ್ಲಿವರೆಗೆ ಬರ್ತಾ ಉಂಟು."

ಪೇಟೆಯ ತಿರುವಿನಲ್ಲಿ ಬಸ್ಸು ನಿಧಾನ ಮಾಡಿತು. ಎದುರಿನ ಕಿಟಕಿ ತೆರೆದಿತ್ತು. ಫೋನಿನ ಹೆಂಗಸು ಮಲಯಾಳದಲ್ಲಿ "ವಲತ್ತೋಟ್ಟ್ ತಿರಿಯುಕ" ಎಂದದ್ದು, ಬಲಕ್ಕೆ ತಿರುಗಿ ಎಂದದ್ದು, ಸ್ಟ್ಯಾಂಡಿಗೇ ಕೇಳಿಸಿತು. ಬಸ್ಸು ಬಲಕ್ಕೆ ತಿರುಗಿತು. ಮಧೂರಿಗೆ ಪೆರ್ಮುದೆಯ ದೊಡ್ಡ ದಾರಿಯಲ್ಲಿ ಹೋಗುವವರು ನೇರ ಹೋಗಬೇಕು.

ಲತೀಫನ ನಗು ನಿಂತಿತು. "ಹೋಯ್, ಅವ ಕಟ್ಟಕ್ಕೆ ಹೋದನಲ್ಲ! ನಿನ್ನೆ ಒಡೆದದ್ದು ಗೊತ್ತಿಲ್ವಾ ಅವನಿಗೆ?"

"ಮೊಬೈಲ್ ಉಂಟಲ್ಲ ಅವರಿಗೆ."

"ಮೊಬೈಲ್ ಬಂದು ಮಣ್ಣು ಹೊತ್ತಿತಾ ನಿನ್ನೆ? ಫೋನ್ ಮಾಡಿ ಹೇಳು!"

"ನನ್ನನ್ನು ಕೇಳಿದ್ರೆ ಹೇಳ್ತಿದ್ದೆ." ಜಿತೇಂದ್ರ ಫೋನನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತ. "ಈಗ ಬರ್ತದೆ ನೋಡಿ. ಐದು ನಿಮಿಷದಲ್ಲಿ ಅವರದ್ದೇ ಫೋನ್ ಬರ್ತದೆ."

ಐದು ನಿಮಿಷ ಆಯಿತು. ಬರಲಿಲ್ಲ. ಎಂಟು. ಹತ್ತು. ಹೊಳೆಯ ತಗ್ಗಿನಲ್ಲಿ ರೇಂಜ್ ಸಿಗುವುದಿಲ್ಲ ಎಂಬುದು ಅವನಿಗೆ ಈಗ ನೆನಪಾಯಿತು.

ಲತೀಫ್ ಪಕ್ಕಕ್ಕೆ ಬಂದು ಕೂತು, ದನಿ ತಗ್ಗಿಸಿ ಕೇಳಿದ. "ನಿನ್ನೆ ಆ ಕಟ್ಟದ ಮಣ್ಣು ಎಲ್ಲಿಗೆ ಹಾಕಿದ್ರಿ?"

ಜಿತೇಂದ್ರ ಫೋನನ್ನು ಕಿಸೆಗೆ ತುರುಕಿ ಎದ್ದ. ಕಟ್ಟದಿಂದ ಅಗೆದು ತೆಗೆದ ಹಸಿ ಮಣ್ಣನ್ನು, ಹೇಗೂ ಇನ್ನು ಗಾಡಿ ಬರುವುದಿಲ್ಲವಲ್ಲ ಎಂದು, ದಾರಿಯ ಇಳಿಜಾರಿಗೇ ಸುರಿದಿದ್ದರು. ಬುಟ್ಟಿಗಟ್ಟಲೆ. ಅವನೇ ಸುರಿದದ್ದು. ರಾತ್ರಿ ಒಂದು ಮಳೆಯೂ ಬಿದ್ದಿತ್ತು. ಆ ಮಣ್ಣಿನ ಮೇಲೆ ಚಕ್ರ ಇಟ್ಟರೆ ಯಾವ ಬ್ರೇಕೂ ಹಿಡಿಯುವುದಿಲ್ಲ. ಅಷ್ಟು ಭಾರದ ಗಾಡಿ. ಜಾರಿದರೆ ಸೀದಾ ಹೊಳೆಗೆ.

"ಅಮ್ಮ," ಎಂದ. ಅಷ್ಟೇ ಹೇಳಿದ್ದು. ಲತೀಫ್ ಉತ್ತರ ಕೊಡುವುದರೊಳಗೆ ಜೀಪು ತಿರುವು ದಾಟಿ ಹೋಗಿತ್ತು.

ಆ ಎರಡು ಕಿಲೋಮೀಟರು ಅವನು ಹೇಗೆ ಓಡಿಸಿದ ಎಂದು ಕೇಳಿದರೆ ಅವನಿಗೇ ಗೊತ್ತಿಲ್ಲ. ಎದುರಿನ ಸರಳು ಖಾಲಿ ಸೀಟಿನ ಎದುರು ಗಡಗಡ ಅಲುಗುತ್ತಿತ್ತು. ದಾರಿಯುದ್ದಕ್ಕೂ ಗಣಪತಿಯ ಹೆಸರು ಹೇಳಿದ್ದು ಈ ಸಲ ಅವನು.

ಎರಡೂ ಬದಿಗೆ ಎದ್ದ ಕೆಂಪುಕಲ್ಲಿನ ದರೆಗಳ ನಡುವೆ ಇಳಿಯುವ ದಾರಿ. ಅರ್ಧಕ್ಕೆ ಬಂದಾಗ ಮನೆಬಸ್ಸಿನ ಬಿಳಿ ಬೆನ್ನು ಕಾಣಿಸಿತು. ಅದು ಜಾರಿ, ಅಡ್ಡ ತಿರುಗಿ, ಎಡಪಕ್ಕವನ್ನು ದರೆಗೆ ಆನಿಸಿ ನಿಂತಿತ್ತು. ಏಣಿ ಸೊಟ್ಟಗಾಗಿತ್ತು. ಎದುರು ಚಕ್ರದಿಂದ ಎಂಟು ಹತ್ತು ಅಡಿ ಕೆಳಗೆ ಹೊಳೆ ಕೆಂಪಗೆ, ಸದ್ದು ಮಾಡುತ್ತ ಹರಿಯುತ್ತಿತ್ತು. ಅಮ್ಮ ಮತ್ತು ಅಶ್ಮಿತಾ ದರೆಯ ಮೇಲೆ ನಿಂತಿದ್ದರು. ಇಬ್ಬರೂ ಎರಡು ಕಾಲಲ್ಲಿ ನಿಂತಿದ್ದಾರೆ ಎಂದು ನೋಡಿದ ಮೇಲೆ ಜಿತೇಂದ್ರನ ಉಸಿರು ಬಂತು.

ಉಸಿರು ಬಂದ ಕೂಡಲೇ, ನೋಡಿ, ಆ ಕಿಚ್ಚೂ ತಿರುಗಿ ಬಂತು. ರಾತ್ರಿಯಿಡೀ ತಿದ್ದಿ ತೀಡಿ ಇಟ್ಟುಕೊಂಡ ಮಾತೊಂದಿತ್ತು. ಅದು ಬಾಯಿಂದ ಬಿದ್ದೇಬಿಟ್ಟಿತು.

"ಎಂತ ಭಾವ? ಮೊಬೈಲ್ ಈಗ ಎಂತ ಹೇಳ್ತದೆ?"

ವಿಖ್ಯಾತ್ ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದವನು ತಲೆ ಎತ್ತಿದ. ಮೈಯೆಲ್ಲ ಕೆಸರು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಜಿತೇಂದ್ರನನ್ನು ನೋಡಿ ಬಂದ ಸಮಾಧಾನ ಮಾತ್ರ ಇತ್ತು.

"ಮೊಬೈಲಿನದ್ದು ತಪ್ಪಲ್ಲ ಭಾವ. ಅದು ಪೆರ್ಮುದೆ ದಾರಿಯನ್ನೇ ಮೊದಲು ತೋರಿಸಿದ್ದು. ಇದು ಬದಿಯಲ್ಲಿ ಬೂದು ಗೆರೆಯಾಗಿ ಇತ್ತು. ನಿಮಗೆ ತೋರಿಸುವ ಮೊದಲೇ ನಾನೇ ಇದನ್ನು ಒತ್ತಿದ್ದು."

"ಯಾಕೆ?"

"ಹೆಸರು ನೋಡಿ." ವಿಖ್ಯಾತ್ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ. "ಜಿತ್ತು ರೋಡ್ ಅಂತ ಉಂಟಲ್ಲ. ನಮ್ಮ ಭಾವ ಹೆಸರು ಹಾಕಿ ಕೊಟ್ಟ ದಾರಿ ಅಂದ್ರೆ ಸರಿಯೇ ಇರ್ತದೆ ಅಂತ ಬಂದೆ. ನಿನ್ನೆ ನಿಮಗೆ ತೋರಿಸಿದೆ ಅಲ್ವಾ? ನೀವೂ ಎಂತ ಹೇಳ್ಲಿಲ್ಲ. ಹಾಗೆ ಧೈರ್ಯ ಬಂತು."

"ಅಣ್ಣ, ಇವರು ಶಾರ್ಜಾದಲ್ಲಿ ರೂಮಿನವರಿಗೆಲ್ಲ ತೋರಿಸಿದ್ದಾರೆ," ದರೆಯ ಮೇಲಿನಿಂದ ಅಶ್ಮಿತಾ ಹೇಳಿದಳು. "ನಮ್ಮ ಭಾವನ ಹೆಸರಲ್ಲಿ ರೋಡ್ ಉಂಟು, ನೋಡಿ, ನೋಡಿ ಅಂತ. ಒಂದು ಸಲ ಅದರಲ್ಲೇ ಗಾಡಿ ಓಡಿಸ್ಬೇಕು ಅಂತ ಆಸೆ ಇವರಿಗೆ."

ಜಿತೇಂದ್ರ ಹೊಳೆಯ ಕಡೆ ನೋಡಿದ. ನಿನ್ನೆಯ ಆ ನಗೆ ಕಣ್ಣೆದುರು ಬಂತು. ಎಷ್ಟು ಸಲ ತಿರುಗಿಸಿ ನೋಡಿದರೂ ಅದರಲ್ಲಿ ಈಗ ಕುಹಕ ಸಿಗಲಿಲ್ಲ. ಹುಡುಕಿದ ಕೂಡ. ಸಿಕ್ಕಿದ್ದರೆ ಎಷ್ಟು ಒಳ್ಳೆಯದಿತ್ತು!

ಅಮ್ಮ ದರೆಯಿಂದ ಮೆಲ್ಲ ಇಳಿದು ಬಂದರು. ಹೊಸ ಸೀರೆಯ ಅಂಚು ಕೆಂಪಾಗಿತ್ತು.

"ನಾನು ಹಿಂದೆ ಹಾಸಿಗೆಯಲ್ಲಿ ಮಲಗಿದ್ದೆ. ಅಶ್ಮಿಯೂ ನನ್ನ ಹತ್ತಿರವೇ ಇದ್ದಳು. ಪರದೆ ಎಳೆದಿತ್ತು, ಇಬ್ಬರೂ ದಾರಿ ನೋಡ್ಲಿಲ್ಲ. ನೋಡಿದ್ರೆ ಹೇಳ್ತಿದ್ದೆ." ಹೇಳಿ, ಮಗನ ಎದುರು ನಿಂತರು. "ನಿನ್ನೆ ನಿನ್ನ ಪ್ಯಾಂಟ್ ಒಗೆದದ್ದು ನಾನು. ಇದೇ ಮಣ್ಣು. ಕಟ್ಟ ಒಡೆಯಲಿಕ್ಕೆ ನೀನೂ ಇದ್ದೆ."

"ಇದ್ದೆ."

"ಇವರು ಈ ದಾರಿಯಲ್ಲಿ ಬರ್ತಾರೆ ಅಂತ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಊಟದ ಗಡಿಬಿಡಿಯಲ್ಲಿ ಸರಿಯಾಗಿ ನೋಡಲಿಲ್ಲ ಎಂದರೆ ವಿಖ್ಯಾತ್ ನಂಬುತ್ತಿದ್ದ. ಅವನು ಎಂತದನ್ನೂ ನಂಬುವ ಜನ. ಅದಕ್ಕೇ ಹೇಳಲಾಗಲಿಲ್ಲ.

"ಗೊತ್ತಿತ್ತು," ಎಂದ ಜಿತೇಂದ್ರ. "ಸಿಕ್ಕಿ ಬೀಳಲಿ ಅಂತ ಸುಮ್ಮನಿದ್ದೆ. ಮಣ್ಣಿನ ನೆನಪು ಇರಲಿಲ್ಲ ಅಮ್ಮ. ಸತ್ಯವಾಗಿ ಇರಲಿಲ್ಲ. ನೀವು ಈ ಸಲ ಜೀಪಿನಲ್ಲಿ ಬರ್ಲಿಲ್ಲ ಅಂತ..." ಹೇಳಿದಷ್ಟೇ ಸಣ್ಣ ಮಕ್ಕಳ ಮಾತಿನ ಹಾಗೆ ಕೇಳಿಸಿತ್ತು.

ಅಶ್ಮಿತಾ ಮುಖ ತಿರುಗಿಸಿಕೊಂಡಳು. ವಿಖ್ಯಾತ್ ಕೈಯಲ್ಲಿದ್ದ ಕಲ್ಲನ್ನು ಒಮ್ಮೆ ನೋಡಿದ. ಆಮೇಲೆ ಅದನ್ನು ಚಕ್ರದ ಅಡಿಗೆ ಸರಿಯಾಗಿ ತುರುಕಿ, ಎದ್ದು, ಜಿತೇಂದ್ರನ ಮುಖ ನೋಡದೆ ಕೇಳಿದ.

"ಹಗ್ಗ ಎಲ್ಲಿಗೆ ಕಟ್ಟುದು ಭಾವ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಜೀಪನ್ನು ದಾರಿಯ ಮೇಲಕ್ಕೆ ತಿರುಗಿಸಿ ನಿಲ್ಲಿಸಿದರು. ಬಸ್ಸಿನ ಹಿಂದಿನ ಕೊಕ್ಕೆಗೆ ದಪ್ಪ ಹಗ್ಗ. ಜಿತೇಂದ್ರ ಅಂಗಿ ಬಿಚ್ಚಿ, ಸಲಿಕೆಯಲ್ಲಿ ತಾನೇ ಸುರಿದಿದ್ದ ಮಣ್ಣನ್ನು ಚಕ್ರಗಳ ಹಾದಿಯಿಂದ ತೆಗೆದು ಬದಿಗೆ ಹಾಕಿದ. ಅಡಿಗೆ ತೆಂಗಿನ ಮಡಲು ಹಾಸಿದ. ಅಷ್ಟರಲ್ಲಿ ಲತೀಫ್ ಕೂಡ ತನ್ನ ಜೀಪು ತಂದ. ಬಂದವನು ಒಬ್ಬೊಬ್ಬರ ಮುಖ ನೋಡಿ, ಸೀದಾ ಎರಡನೇ ಹಗ್ಗ ಬಿಚ್ಚಿದ.

ಲೋ ಗೇರಿನಲ್ಲಿ ಎರಡು ಜೀಪುಗಳು ನರಳಿದವು. ಬಸ್ಸು ಮೊದಲು ಅಲುಗಲಿಲ್ಲ. ಒಂದು ಗೇಣು ಬಂತು, ಅರ್ಧ ಗೇಣು ಜಾರಿತು. ನಾಲ್ಕನೇ ಸಲಕ್ಕೆ ದರೆಯನ್ನು ಗೀರುತ್ತ, ಬಿಳಿ ಬಣ್ಣದ ಮೇಲೆ ಉದ್ದಕ್ಕೆ ಕೆಂಪು ಗೆರೆ ಎಳೆದುಕೊಂಡು ಮೇಲೆ ಬಂದಿತು. ಎರಡು ವರ್ಷ ರಜೆಯಲ್ಲಿ ಕೂತು ಹಚ್ಚಿದ ಬಣ್ಣ. ವಿಖ್ಯಾತ್ ಆ ಗೆರೆಯ ಮೇಲೆ ಒಮ್ಮೆ ಬೆರಳಾಡಿಸಿದ, ಅಷ್ಟೇ.

"ನಾನು ಸರಿ ಮಾಡಿಸಿ ಕೊಡ್ತೇನೆ," ಎಂದ ಜಿತೇಂದ್ರ. "ಆ ರೋಡನ್ನೂ ಮ್ಯಾಪಿನಿಂದ ಇವತ್ತೇ ಅಳಿಸ್ತೇನೆ."

"ಬಣ್ಣ ನಾನೇ ಹಚ್ತೇನೆ. ನೀವು ಬಂದು ಉಜ್ಜಿ ಕೊಡಿ." ಈಗ ಮಾತ್ರ ವಿಖ್ಯಾತ್ ಅವನ ಕಣ್ಣು ನೋಡಿದ. "ಗೊತ್ತಿದ್ದೂ ಹೇಳದೆ ಕೂತದ್ದು ಸರಿಯಾಗ್ಲಿಲ್ಲ ಭಾವ. ಒಳಗೆ ಅತ್ತೆ ಇದ್ರು. ಅಶ್ಮಿ ಇದ್ದಳು."

"ಹೌದು," ಎಂದ ಜಿತೇಂದ್ರ.

ಗಂಟೆ ಹತ್ತೂವರೆ ಆಗಿತ್ತು. ಜಿತೇಂದ್ರ ಜೀಪಿನ ಎದುರು ಸೀಟನ್ನು ಅಂಗಿಯಿಂದ ಎರಡೆರಡು ಸಲ ಒರೆಸಿದ. "ಬನ್ನಿ ಅಮ್ಮ. ಮಧ್ಯಾಹ್ನದ ಪೂಜೆಗೆ ಮುಟ್ಟಿಸ್ತೇನೆ."

ಅಮ್ಮ ಆ ಸೀಟನ್ನು ನೋಡಿದರು, ಮಗನನ್ನು ನೋಡಿದರು.

"ಇಲ್ಲ. ನಾನು ಅಳಿಯನ ಗಾಡಿಯಲ್ಲೇ ಬರುದು."

ಅವನು ತಲೆ ತಗ್ಗಿಸಿದ.

"ನೀನು ಎದುರಿನಿಂದ ಹೋಗು," ಎಂದರು ಅಮ್ಮ. "ದಾರಿ ತೋರಿಸು. ವಿಖ್ಯಾತ್, ಆ ಫೋನಿನ ಹೆಂಗಸಿನ ಬಾಯಿ ಮುಚ್ಚಿಸು ಮಾರಾಯ. ಪಾಪ, ಅವಳಿಗೂ ಬಾಯಿ ಒಣಗಿರ್ತದೆ. ನಮ್ಮ ಎದುರು ಜಿತ್ತು ಇದ್ದಾನೆ."

ಎರಡು ಗಾಡಿ ಹೊರಟವು. ಎದುರು ಜೀಪು, ಹಿಂದೆ ಮನೆಬಸ್ಸು. ಜಿತೇಂದ್ರನ ಪಕ್ಕದ ಸೀಟು ಖಾಲಿ. ಹೊಟ್ಟೆಕಿಚ್ಚು ಹೋಗಿತ್ತಾ? ಎಲ್ಲಿಂದ ಹೋಗುವುದು! ಪಕ್ಕದ ಕನ್ನಡಿಯಲ್ಲಿ ಕಾಣುತ್ತಿತ್ತಲ್ಲ: ವಿಖ್ಯಾತನ ಪಕ್ಕದಲ್ಲಿ ಅಮ್ಮ ರಾಣಿಯ ಹಾಗೆ ಕೂತಿದ್ದರು, ಕೈಯಲ್ಲಿ ಅಶ್ಮಿತಾ ಮಾಡಿ ಕೊಟ್ಟ ಚಾದ ಲೋಟ. ಹಿಡಿದುಕೊಳ್ಳಲು ಯಾವ ಸರಳೂ ಬೇಕಾಗಿರಲಿಲ್ಲ. ಅದನ್ನು ನೋಡಿದಾಗಲೆಲ್ಲ ಎದೆಯ ಆ ಮೂಲೆ ಚುರ್ ಎನ್ನುತ್ತಿತ್ತು. ಆದರೆ ಕನ್ನಡಿಯಿಂದ ಕಣ್ಣು ತೆಗೆಯಲಿಕ್ಕೂ ಆಗುತ್ತಿರಲಿಲ್ಲ.

ಜೀಪು ಹಿಡಿದ ಹದಿಮೂರು ವರ್ಷದಲ್ಲಿ ಅವನು ಆ ದಾರಿಯ ಹೊಂಡಗಳನ್ನು ಎಣಿಸಿದವನಲ್ಲ, ಹಾರಿಸಿದವನು. ಇವತ್ತು ಒಂದೊಂದು ಹೊಂಡಕ್ಕೂ ಮೊದಲೇ ಕೈ ಹೊರಗೆ ಹಾಕಿ ತೋರಿಸಿದ. ಬಗ್ಗಿದ ಗೋಳಿಮರದ ಗೆಲ್ಲು ಬಂದಾಗ ಜೀಪು ನಿಲ್ಲಿಸಿ ಇಳಿದು, ಬಸ್ಸಿನ ಎತ್ತರ ನೋಡಿ, ಹಿಂದಕ್ಕೆ ನಡೆಯುತ್ತ ದಾಟಿಸಿದ. ಹಂಪ್ ಕಂಡಲ್ಲಿ ಆಮೆಯಾದ. ಕನ್ನಡಿಯಲ್ಲಿ ಆ ಲೋಟ ಅಲುಗದೆ ನಿಂತಿತ್ತು.

ಸೀತಾಂಗೋಳಿಯ ಹತ್ತಿರ ಬರುವಾಗ ಫೋನು ಹೊಡೆದುಕೊಂಡಿತು. ಅಶ್ಮಿತಾ. ಅವಳ ದನಿಯಲ್ಲಿ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಅಣ್ಣ, ಅಮ್ಮ ಹೇಳ್ತಾರೆ, ಚಾ ಕುಡಿದು ಎಷ್ಟು ಹೊತ್ತಾಯ್ತಂತೆ. ಲೋಟ ಖಾಲಿ. ನೀನು ಹೀಗೆ ಹೋದ್ರೆ ದೇವಸ್ಥಾನದ ನಡೆಬಾಗಿಲು ಮುಚ್ತದೆ. ಇನ್ನು ಸ್ವಲ್ಪ ಯಾವಾಗಲೂ ಓಡಿಸುವ ಹಾಗೆ ಓಡಿಸ್ಬೇಕಂತೆ."